ಮಂಗಳೂರಿನಿಂದ ಜರ್ಮನಿಗೆ ನಾಯಿಯನ್ನು ವಿಮಾನದಲ್ಲಿ ಕರೆದೊಯ್ಯಲು ಕಾಗದಪತ್ರ ಮತ್ತು ಖರ್ಚು

ಪ್ರಶ್ನೆ: ಸುರತ್ಕಲ್ ನಿವಾಸಿ

ಬಲ್ಲವರಲ್ಲಿ ವಿನಂತಿ. ಉದ್ಯೋಗದ ನಿಮಿತ್ತ ನಾನು ಆಗಸ್ಟ್ ಮೊದಲ ವಾರದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಕೆಲಸಕ್ಕೆ ಹಾಜರಾಗಬೇಕಾಗಿದೆ. ಹೆಂಡತಿಯೂ ಜೊತೆಗೆ ಬರುವವರಿದ್ದಾರೆ. ನಾಲ್ಕು ವರ್ಷದ, ಸುಮಾರು 18 ಕಿಲೋ ತೂಗುವ ಊರ ತಳಿಯ ಹೆಣ್ಣು ನಾಯಿಯೊಂದನ್ನು ಮರಿಯಾಗಿದ್ದಾಗಿನಿಂದ ಸಾಕಿದ್ದೇವೆ. ಅದನ್ನು ಇಲ್ಲಿ ಬಿಟ್ಟುಹೋಗುವ ವಿಚಾರ ನಮ್ಮಲ್ಲಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮಲ್ಲಿ ನಡೆಯುವ ಉಚಿತ ಶಿಬಿರದಲ್ಲಿ ರೇಬೀಸ್ ಲಸಿಕೆ ಹಾಕಿಸುತ್ತ ಬಂದಿದ್ದೇವೆ. ಕಾರ್ಡಿನಲ್ಲಿ ದಿನಾಂಕವೂ ವೈದ್ಯರ ಸಹಿಯೂ ಇದೆ, ಆದರೆ ಲಸಿಕೆ ಬಾಟಲಿಯ ಚೀಟಿಯನ್ನು ಅಂಟಿಸಿಲ್ಲ. ಗುರುತಿಗಾಗಿ ಚರ್ಮದಡಿ ಸೇರಿಸುವ ಮೈಕ್ರೋಚಿಪ್ ಈವರೆಗೆ ಹಾಕಿಸಿಲ್ಲ.

ಬೆಂಗಳೂರಿನ ಏಜೆನ್ಸಿಯೊಂದನ್ನು ವಿಚಾರಿಸಿದಾಗ ಎಲ್ಲವೂ ಸೇರಿ ಎರಡೂವರೆ ಲಕ್ಷ ರೂಪಾಯಿ ಎಂದರು. ಅದರಲ್ಲಿ ವೈದ್ಯರಿಗೆಷ್ಟು, ಪರೀಕ್ಷೆಗೆಷ್ಟು, ವಿಮಾನಕ್ಕೆಷ್ಟು ಎಂದು ಬಿಡಿಸಿ ಕೇಳಿದರೆ 'ಅದು ಪ್ಯಾಕೇಜು' ಎಂಬ ಒಂದೇ ಉತ್ತರ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಶಿಬಿರದಲ್ಲಿ ಹಾಕಿಸಿದ ಲಸಿಕೆ ಯುರೋಪಿಗೆ ಸಲ್ಲುತ್ತದೆಯೇ? ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದಲೇ ನಾಯಿಯನ್ನು ವಿಮಾನ ಹತ್ತಿಸಲು ಸಾಧ್ಯವೇ? ಏಜೆಂಟರ ನೆರವಿಲ್ಲದೆ ನಾವೇ ಮಾಡಿಕೊಳ್ಳಬಹುದಾದ ಕೆಲಸಗಳು ಯಾವುವು? ಈಗ ಮೇ ಮೂರನೆಯ ವಾರ. ಆಗಸ್ಟಿಗೆ ಕಾಲಾವಕಾಶ ಸಾಕಾಗುತ್ತದೆಂದು ಭಾವಿಸಿದ್ದೇವೆ.

ಉತ್ತರ: ಉಡುಪಿಯ ಪಶುವೈದ್ಯ

ಮಾನ್ಯರೇ, ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದನ್ನೇ ಅವಲಂಬಿಸಿದೆ. ಆಗಸ್ಟಿಗೆ ಕಾಲಾವಕಾಶ ಸಾಲುವುದಿಲ್ಲ. ನೀವು ನಾಳೆಯೇ ಚಿಪ್ ಹಾಕಿಸಿದರೂ ನಿಮ್ಮ ನಾಯಿ ಸೆಪ್ಟೆಂಬರ್ ಮೂರನೆಯ ವಾರಕ್ಕಿಂತ ಮೊದಲು ಜರ್ಮನಿಯ ನೆಲ ಮುಟ್ಟುವಂತಿಲ್ಲ.

ರೇಬೀಸ್ ಹತೋಟಿಯಲ್ಲಿದೆಯೆಂದು ಐರೋಪ್ಯ ಒಕ್ಕೂಟ ಒಪ್ಪಿಕೊಂಡಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಪಟ್ಟಿಯಲ್ಲಿಲ್ಲದ ದೇಶದಿಂದ ಬರುವ ನಾಯಿಗೆ ಲಸಿಕೆ ಹಾಕಿಸಿದರೆ ಮಾತ್ರ ಸಾಲದು, ಆ ಲಸಿಕೆಯಿಂದ ರಕ್ತದಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳು ಹುಟ್ಟಿವೆಯೆಂಬುದನ್ನು ಪ್ರಯೋಗಾಲಯದ ವರದಿಯಿಂದ ತೋರಿಸಬೇಕು. ಇದನ್ನೇ ಎಲ್ಲರೂ ಟೈಟರ್ ಪರೀಕ್ಷೆ ಎನ್ನುವುದು. ಇದರಲ್ಲಿ ಕ್ರಮ ಬಹಳ ಮುಖ್ಯ. ಮೊದಲು 15 ಅಂಕಿಯ ಐಎಸ್‌ಒ ಮಾನಕದ ಮೈಕ್ರೋಚಿಪ್, ಅದಾದ ಮೇಲೆ ರೇಬೀಸ್ ಲಸಿಕೆ, ಲಸಿಕೆ ಹಾಕಿ ಕನಿಷ್ಠ 30 ದಿನಗಳಾದ ಮೇಲೆ ರಕ್ತ ತೆಗೆಯುವುದು, ರಕ್ತ ತೆಗೆದ ದಿನದಿಂದ ಪೂರ್ತಿ ಮೂರು ತಿಂಗಳು ಕಳೆದ ಮೇಲೆ ಪ್ರಯಾಣ. ಈ ಮೂರು ತಿಂಗಳನ್ನು ವರದಿ ಕೈಸೇರಿದ ದಿನದಿಂದ ಎಣಿಸಬೇಕೆಂದು ಕೆಲವರು ತಿಳಿದಿರುತ್ತಾರೆ; ಎಣಿಕೆ ರಕ್ತ ತೆಗೆದ ದಿನದಿಂದಲೇ. ಮೇ 25ರಂದು ಚಿಪ್ ಮತ್ತು ಲಸಿಕೆ ಎರಡೂ ಆದವೆನ್ನೋಣ, ಜೂನ್ 25ಕ್ಕೆ ರಕ್ತ ತೆಗೆಯಬಹುದು, ಸೆಪ್ಟೆಂಬರ್ 25ರ ನಂತರ ಹೊರಡಬಹುದು. ಹಣ ಹೆಚ್ಚು ಕೊಟ್ಟರೆ ವರದಿ ಬೇಗ ಬರಬಹುದೇ ಹೊರತು ಈ ದಿನಗಳು ಕಡಿಮೆಯಾಗುವುದಿಲ್ಲ.

ಈಗ ನಿಮ್ಮ ಶಿಬಿರದ ಲಸಿಕೆಯ ವಿಚಾರ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನವಾದ್ದರಿಂದ ಆ ಹೊತ್ತಿಗೆ ಜಿಲ್ಲೆಯ ಅನೇಕ ಕಡೆ ಶಿಬಿರಗಳು ನಡೆಯುತ್ತವೆ, ಅಲ್ಲಿ ಹಾಕುವ ಲಸಿಕೆಯ ಗುಣದಲ್ಲಿ ಕೊರತೆಯೇನಿಲ್ಲ. ಆದರೆ ಚಿಪ್‌ಗಿಂತ ಮೊದಲು ಹಾಕಿದ ಲಸಿಕೆಯನ್ನು ಯುರೋಪಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಆ ಲಸಿಕೆ ಇದೇ ನಾಯಿಗೆ ಹಾಕಿದ್ದೆಂದು ತೋರಿಸುವ ಗುರುತು ಆಗ ನಾಯಿಯ ಮೈಮೇಲೆ ಇರಲಿಲ್ಲ. ಹಾಗೆಂದು ನೀವು ವರ್ಷ ವರ್ಷ ಹಾಕಿಸಿದ್ದು ವ್ಯರ್ಥವಾಯಿತೆಂದು ತಿಳಿಯಬೇಡಿ. ಮೊತ್ತಮೊದಲ ಬಾರಿಗೆ ಲಸಿಕೆ ಪಡೆದ ನಾಯಿಗಳಲ್ಲಿ ಒಂದೇ ಚುಚ್ಚುಮದ್ದಿನಿಂದ ಪ್ರತಿಕಾಯ ಅಗತ್ಯ ಮಟ್ಟಕ್ಕೆ, ಅಂದರೆ ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಘಟಕಕ್ಕೆ, ಏರದೆ ಪರೀಕ್ಷೆ ವಿಫಲವಾಗುವುದುಂಟು. ನಿಮ್ಮ ನಾಯಿಯ ದೇಹಕ್ಕೆ ಲಸಿಕೆಯ ಪರಿಚಯ ಮೊದಲೇ ಇರುವುದರಿಂದ ಹೊಸ ಚುಚ್ಚುಮದ್ದಿಗೆ ಅದು ಚೆನ್ನಾಗಿ ಸ್ಪಂದಿಸುವ ಸಂಭವ ಹೆಚ್ಚು.

ಚಿಪ್ ಹಾಕುವ ದಿನ ನೀವೇ ಕಣ್ಣಾರೆ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಹಾಕುವುದಕ್ಕೆ ಮೊದಲು ಚಿಪ್ಪನ್ನು ಸ್ಕ್ಯಾನರಿನಲ್ಲಿ ಓದಿಸಿ, ಹಾಕಿದ ಮೇಲೆ ಹೆಗಲ ನಡುವೆ ಮತ್ತೊಮ್ಮೆ ಓದಿಸಿ. ಸಂಖ್ಯೆಯ ಚೀಟಿಯನ್ನು ಲಸಿಕೆ ಪುಸ್ತಕದಲ್ಲಿ ಅಂಟಿಸಿ ಅದರ ಎದುರಿಗೆ ಹಾಕಿದ ದಿನಾಂಕವನ್ನು ಬರೆಸಿ. ಲಸಿಕೆಯ ಬ್ಯಾಚ್ ಸಂಖ್ಯೆಯಿರುವ ಚೀಟಿ, ವೈದ್ಯರ ಮೊಹರು, ರಾಜ್ಯ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇವು ಮೂರೂ ಇರಲೇಬೇಕು. ನಾಯಿಯ ಹೆಸರು, ಬಣ್ಣ, ಹುಟ್ಟಿದ ದಿನಾಂಕ, ತಳಿ ಎಲ್ಲ ಕಾಗದಗಳಲ್ಲಿಯೂ ಅಕ್ಷರಶಃ ಒಂದೇ ಆಗಿರಲಿ. ಒಂದರಲ್ಲಿ 'ಕಂದು', ಇನ್ನೊಂದರಲ್ಲಿ 'ಕಂದು ಬಿಳಿ' ಎಂದಿದ್ದರೂ ವಿನಾಕಾರಣ ಪ್ರಶ್ನೆಗಳು ಏಳುತ್ತವೆ. ಊರ ತಳಿಯೆಂದು ಸಂಕೋಚಪಟ್ಟು ಯಾವುದೋ ವಿಲಾಯಿತಿ ತಳಿಯ ಹೆಸರು ಬರೆಸಬೇಡಿ. ಪಿಟ್‌ಬುಲ್, ಬುಲ್ ಟೆರಿಯರ್ ಮೊದಲಾದ ಕೆಲವು ತಳಿಗಳನ್ನು ಜರ್ಮನಿ ತನ್ನ ಗಡಿಯೊಳಗೆ ತರಲು ಬಿಡುವುದಿಲ್ಲ. ಮಿಶ್ರ ತಳಿ ಎಂದು ಬರೆಸಿದರೆ ನಿಮಗೆ ಯಾವ ತೊಡಕೂ ಇಲ್ಲ.

ರಕ್ತವನ್ನು ಮಂಗಳೂರಿನಲ್ಲೋ ಉಡುಪಿಯಲ್ಲೋ ತೆಗೆಯಬಹುದು. ಆದರೆ ಅದರಿಂದ ಸೀರಮ್ ಬೇರ್ಪಡಿಸಿ ತಂಪಿನಲ್ಲಿಟ್ಟು ಕಳುಹಿಸುವ ವ್ಯವಸ್ಥೆ ಇರುವ ಚಿಕಿತ್ಸಾಲಯವನ್ನೇ ಆರಿಸಿಕೊಳ್ಳಿ. ಮಾದರಿಯೊಡನೆ ಹೋಗುವ ಅರ್ಜಿಯಲ್ಲಿ ಚಿಪ್ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ವರದಿ ನಿಷ್ಪ್ರಯೋಜಕ. ಪರೀಕ್ಷೆ ಮಾಡುವ ಪ್ರಯೋಗಾಲಯ ಐರೋಪ್ಯ ಒಕ್ಕೂಟದ ಅನುಮೋದಿತ ಪಟ್ಟಿಯಲ್ಲಿರಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಉಲ್ಲೇಖ ಪ್ರಯೋಗಾಲಯ, ನಮ್ಮ ರಾಜ್ಯಕ್ಕೆ ಅದು ಹೆಮ್ಮೆಯ ವಿಷಯ. ಆದರೆ ಆ ಮಾನ್ಯತೆ ಬೇರೆ, ಯುರೋಪಿನ ಪಟ್ಟಿ ಬೇರೆ. ಹಾಗಾಗಿ ಯಾವ ಪ್ರಯೋಗಾಲಯವೇ ಆಗಲಿ, ರಕ್ತ ತೆಗೆಯುವ ಮೊದಲೇ ಅದರ ಹೆಸರು ಕೇಳಿ, ಒಕ್ಕೂಟದ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಮಾದರಿಯನ್ನು ಸಾಮಾನ್ಯವಾಗಿ ವಿದೇಶಕ್ಕೇ ಕಳುಹಿಸುತ್ತಾರೆ, ಆದ್ದರಿಂದಲೇ ಅದು ದುಬಾರಿ.

ಖರ್ಚಿನ ಬಗ್ಗೆ ನನ್ನ ಚಿಕಿತ್ಸಾಲಯದ ದರಗಳನ್ನು ಇಲ್ಲಿ ಬರೆದರೆ ಅದು ಜಾಹೀರಾತಾದೀತು, ಪ್ರಮಾಣವನ್ನಷ್ಟೇ ಹೇಳುತ್ತೇನೆ. ಲಸಿಕೆ ನೂರುಗಳ ಲೆಕ್ಕ, ಚಿಪ್ ಸಾವಿರಗಳ ಲೆಕ್ಕ, ಟೈಟರ್ ಪರೀಕ್ಷೆ ಕೊರಿಯರ್ ಸೇರಿ ಹತ್ತು ಸಾವಿರಗಳ ಲೆಕ್ಕ, ಸರಕು ಸಾಗಣೆ ಲಕ್ಷದ ಲೆಕ್ಕ. ಅಂದರೆ ಪಶುವೈದ್ಯರ ಕೈಗೆ ಬರುವುದು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಟೈಟರ್‌ಗೆ ಕೊಟ್ಟ ಹಣವನ್ನು ಉಳಿಸಿಕೊಳ್ಳುವ ದಾರಿಯೂ ಒಂದಿದೆ. ಮುಂದಿನ ಲಸಿಕೆಗಳನ್ನು ಅವಧಿ ಮುಗಿಯುವ ಮೊದಲೇ ಹಾಕಿಸುತ್ತ ಹೋದರೆ ಆ ವರದಿ ನಾಯಿಯ ಆಯುಷ್ಯವಿಡೀ ಸಲ್ಲುತ್ತದೆ. ಒಂದು ದಿನ ತಡವಾದರೂ ಚುಚ್ಚುಮದ್ದು, ರಕ್ತ, ಮೂರು ತಿಂಗಳು ಎಲ್ಲವೂ ಮೊದಲಿನಿಂದ.

ಉತ್ತರ: ಬಿಜೈಯ ಗೃಹಿಣಿ

ಡಾಕ್ಟರು ವೈದ್ಯಕೀಯದ ಭಾಗವನ್ನು ವಿವರವಾಗಿ ಹೇಳಿದ್ದಾರೆ. ನಾವು ನಮ್ಮ ಲ್ಯಾಬ್ರಡಾರನ್ನು ಮಗಳ ಸಂಸಾರದೊಂದಿಗೆ ಫ್ರಾಂಕ್‌ಫರ್ಟಿಗೆ ಕಳುಹಿಸಿದವರು, ಆದ್ದರಿಂದ ಪೆಟ್ಟಿಗೆ, ತೂಕ ಮತ್ತು ಪ್ರಯಾಣದ ಬಗ್ಗೆ ತಿಳಿಸುತ್ತೇನೆ.

ಬಜ್ಪೆಯ ಆಸೆ ಬಿಡಿ. ಇಲ್ಲಿಂದ ಹಾರುವುದು ಹೆಚ್ಚಾಗಿ ಇಂಡಿಗೋ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಗಳು. ಇಂಡಿಗೋದವರು ಅಂಗವಿಕಲರ ನೆರವಿಗಿರುವ ತರಬೇತಾದ ನಾಯಿಗಳನ್ನು ಬಿಟ್ಟರೆ ಸಾಕುಪ್ರಾಣಿಗಳನ್ನು ಒಯ್ಯುವುದಿಲ್ಲ. ಅದಿರಲಿ, ವಿದೇಶಕ್ಕೆ ಹೋಗುವ ಪ್ರಾಣಿಯನ್ನು ತಪಾಸಿಸಿ ಆರೋಗ್ಯ ಪ್ರಮಾಣಪತ್ರ ಕೊಡುವ ಕೇಂದ್ರ ಸರಕಾರದ ಕ್ವಾರಂಟೈನ್ ಕಚೇರಿ, ಅಂದರೆ ಎಲ್ಲರೂ ಎ.ಕ್ಯೂ.ಸಿ.ಎಸ್. ಎನ್ನುವ ಕಚೇರಿ, ಇರುವುದು ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರು ಮೊದಲಾದ ಕೆಲವೇ ನಗರಗಳಲ್ಲಿ. ಹೇಗಿದ್ದರೂ ನಾಯಿಯನ್ನು ಬೆಂಗಳೂರಿಗೆ ಒಯ್ಯಲೇಬೇಕು, ಮತ್ತು ನನ್ನ ಅಭಿಪ್ರಾಯದಲ್ಲಿ ಸ್ವಂತ ಕಾರಿನಲ್ಲಿ ಒಯ್ಯುವುದೇ ಲೇಸು. ರೈಲಿನಲ್ಲಿ ಮೊದಲ ದರ್ಜೆ ಎಸಿಯ ಕೂಪೆಯನ್ನು ಪೂರ್ತಿ ಕಾದಿರಿಸಿದರೆ ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು. ಇಲ್ಲವಾದರೆ ಗಾರ್ಡಿನ ಬೋಗಿಯಲ್ಲಿರುವ ಪೆಟ್ಟಿಗೆಗೆ ಹಾಕಬೇಕು, ಅದನ್ನು ನಾನು ಯಾರಿಗೂ ಹೇಳಲಾರೆ. ಜುಲೈ ಆಗಸ್ಟಿನ ಮಳೆಗೆ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ಮಾಮೂಲಾಗಿರುವುದರಿಂದ, ನಿಮ್ಮ ಪ್ರಯಾಣ ಸೆಪ್ಟೆಂಬರ್ ಕೊನೆಗೆ ಮುಂದೆ ಹೋದದ್ದು ಒಂದು ರೀತಿಯಲ್ಲಿ ಅನುಕೂಲವೇ. ಘಾಟಿಯ ತಿರುವುಗಳಲ್ಲಿ ನಾಯಿಗಳು ವಾಂತಿ ಮಾಡಿಕೊಳ್ಳುವುದುಂಟು. ಹೊರಡುವ ಮೊದಲು ಹೊಟ್ಟೆ ತುಂಬ ಉಣಿಸಬೇಡಿ, ಸಕಲೇಶಪುರದಲ್ಲಿ ಇಳಿಸಿ ನೀರು ಕೊಡಿ.

ಪೆಟ್ಟಿಗೆಯ ಅಳತೆಗೆ ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘದ ಸೂತ್ರವಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆಯ ಅಥವಾ ಕಿವಿಯ ತುದಿ, ಯಾವುದು ಮೇಲಿದೆಯೋ ಅದರವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪವನ್ನು ಸೇರಿಸಿದರೆ ಪೆಟ್ಟಿಗೆಯ ಎತ್ತರ. ಊರ ನಾಯಿಗಳ ಕಿವಿ ನೆಟ್ಟಗೆ ನಿಲ್ಲುವುದರಿಂದ ಇದನ್ನು ಮರೆಯಬೇಡಿ. ನಾಲ್ಕೂ ಕಡೆ ಗಾಳಿಕಿಂಡಿ, ಬಾಗಿಲು ತೆರೆಯದೆ ಹೊರಗಿನಿಂದ ನೀರು ತುಂಬಿಸಬಹುದಾದ ಬಟ್ಟಲು ಇರಬೇಕು.

ಏಜೆಂಟರು ಬಾಯಿಬಿಡದ ವಿಚಾರ ಇಲ್ಲಿಯೇ ಇದೆ. ಸರಕಿನ ದರವನ್ನು ನಾಯಿಯ ತೂಕದ ಮೇಲೆ ಹಾಕುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ ಬರುವ ಗಾತ್ರದ ತೂಕ, ಇಲ್ಲವೇ ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಹಾಕುತ್ತಾರೆ. ನಿಮ್ಮ ನಾಯಿಗೆ 91, 61 ಮತ್ತು 66 ಸೆಂಟಿಮೀಟರಿನ ಪೆಟ್ಟಿಗೆ ಬೇಕಾಯಿತೆಂದುಕೊಳ್ಳಿ. ನಾಯಿ, ಪೆಟ್ಟಿಗೆ ಸೇರಿ ತಕ್ಕಡಿಯಲ್ಲಿ 28 ಕಿಲೋ ಇದ್ದರೂ ಬಿಲ್ಲು ಬರುವುದು 61 ಕಿಲೋಗೆ. ಆದ್ದರಿಂದ 'ಇರಲಿ, ಒಂದು ಸೈಜು ದೊಡ್ಡದೇ ತೆಗೆದುಕೊಳ್ಳಿ' ಎನ್ನುವ ಅಂಗಡಿಯವರ ಮಾತು ಕೇಳದೆ ನೀವೇ ಟೇಪು ಹಿಡಿದು ಅಳೆಯಿರಿ. ಕೆಲವು ವಿಮಾನ ಸಂಸ್ಥೆಗಳು, ಮಾಲೀಕರು ಅದೇ ವಿಮಾನದಲ್ಲಿದ್ದರೆ, ನಾಯಿಯನ್ನು ಸರಕಾಗಿ ಅಲ್ಲದೆ ಪ್ರಯಾಣಿಕರ ಹೆಚ್ಚುವರಿ ಲಗೇಜಿನ ಲೆಕ್ಕದಲ್ಲಿ ಕೆಳಗಿನ ಕೋಣೆಯಲ್ಲಿ ಒಯ್ಯುತ್ತವೆ. ಆಗ ಕಸ್ಟಮ್ಸ್ ಏಜೆಂಟರ ಶುಲ್ಕವೂ ಗಾತ್ರದ ತೂಕದ ಲೆಕ್ಕವೂ ತಪ್ಪಿ ಖರ್ಚು ಬಹಳ ಇಳಿಯುತ್ತದೆ. ಒಂದು ವಿಮಾನದಲ್ಲಿ ಪ್ರಾಣಿಗಳಿಗೆ ಇರುವ ಜಾಗ ಕಡಿಮೆ. ಅದು ಖಚಿತವಾದ ಮೇಲೆಯೇ ನಿಮ್ಮ ಟಿಕೆಟ್ ಮಾಡಿಸಿ. ಲುಫ್ತಾನ್ಸಾ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ಹಾರುತ್ತದೆ. ಅದರಲ್ಲಿ ಸೀಟಿನ ಬಳಿ ಇಟ್ಟುಕೊಳ್ಳಲು ಚೀಲ ಸೇರಿ 8 ಕಿಲೋ ಮಿತಿ, ನಿಮ್ಮದಕ್ಕೆ ಅದು ಅನ್ವಯಿಸುವುದಿಲ್ಲ.

ಉತ್ತರ: ಬ್ರಹ್ಮಾವರದ ಓದುಗ

ಅನ್ಯಥಾ ಭಾವಿಸಬೇಡಿ, ಬೀದಿಯಲ್ಲಿ ಸಿಗುವ ಊರ ನಾಯಿಗೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಊರಿನಲ್ಲಿರುವ ಹಿರಿಯರ ಬಳಿ ಬಿಟ್ಟುಹೋಗುವುದು ಒಳ್ಳೆಯದಲ್ಲವೇ? ಅಲ್ಲದೆ ನನ್ನ ತಮ್ಮ ದುಬೈಯಿಂದ ಸಾಕುನಾಯಿ ಸಮೇತ ಊರಿಗೆ ಮರಳುವ ಯೋಚನೆಯಲ್ಲಿದ್ದಾನೆ. ನೇರ ಮಂಗಳೂರಿಗೆ ಇಳಿಯಬಹುದೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಉಡುಪಿಯ ಪಶುವೈದ್ಯ

ಬ್ರಹ್ಮಾವರದವರೇ, ಕರೆದೊಯ್ಯಬೇಕೋ ಬೇಡವೋ ಎಂಬುದನ್ನು ನಾನು ನಾಯಿಯ ಬೆಲೆಯಿಂದ ಅಲ್ಲ, ಅದರ ಮೂಗಿನಿಂದ ಮತ್ತು ವಯಸ್ಸಿನಿಂದ ತೀರ್ಮಾನಿಸುತ್ತೇನೆ. ಪಗ್, ಬುಲ್‌ಡಾಗ್‌ನಂತಹ ಮೋಟು ಮೂತಿಯ ನಾಯಿಗಳಿಗೆ ಸೆಖೆಯಲ್ಲಿ, ಗಾಬರಿಯಲ್ಲಿ ಉಸಿರಾಟ ಕಷ್ಟವಾಗುವುದರಿಂದ ಅನೇಕ ವಿಮಾನ ಸಂಸ್ಥೆಗಳು ಅವುಗಳನ್ನು ಕೆಳಕೋಣೆಯಲ್ಲಿ ಒಯ್ಯಲು ಒಪ್ಪುವುದೇ ಇಲ್ಲ. ಅಂತಹ ನಾಯಿ ಹತ್ತು ವರ್ಷ ದಾಟಿದ್ದರೆ ಬಿಟ್ಟುಹೋಗಿ ಎಂದು ನಾನೇ ಹೇಳುತ್ತಿದ್ದೆ. ನಾಲ್ಕು ವರ್ಷದ, ಉದ್ದ ಮೂತಿಯ, ಆರೋಗ್ಯವಂತ ಊರ ನಾಯಿಗಿಂತ ಒಳ್ಳೆಯ ಪ್ರಯಾಣಿಕ ಸಿಗುವುದು ಕಷ್ಟ. ಶಾಂತವಾಗಿರಲೆಂದು ನಿದ್ರೆಯ ಔಷಧ ಕೊಡಿ ಎಂದು ಕೇಳುವವರು ಬಹಳ. ಎತ್ತರದಲ್ಲಿ ಅದು ರಕ್ತದೊತ್ತಡ ಮತ್ತು ಉಸಿರಾಟವನ್ನು ಇಳಿಸಬಹುದಾದ್ದರಿಂದ ಕೊಡುವುದಿಲ್ಲ. ಔಷಧಕ್ಕಿಂತ ಅಭ್ಯಾಸ ಮೇಲು. ಈಗಲೇ ಪೆಟ್ಟಿಗೆ ತಂದು ಬಾಗಿಲು ತೆಗೆದಿಟ್ಟು ಅದರೊಳಗೇ ಊಟ ಹಾಕುತ್ತ ಬಂದರೆ ನಾಲ್ಕು ತಿಂಗಳಲ್ಲಿ ಅದು ತನ್ನದೇ ಮನೆಯೆಂದು ಒಪ್ಪಿಕೊಳ್ಳುತ್ತದೆ.

ನಿಮ್ಮ ತಮ್ಮನವರು ಮಂಗಳೂರಿಗೆ ನೇರ ಇಳಿಯುವಂತಿಲ್ಲ. ವಿದೇಶದಿಂದ ಬರುವ ನಾಯಿ ಬೆಕ್ಕುಗಳು ಕ್ವಾರಂಟೈನ್ ಕಚೇರಿಯಿರುವ ನಗರಗಳಲ್ಲೇ ಒಳಬರಬೇಕು, ಅದಕ್ಕೆ ಮುಂಚಿತವಾಗಿ ಆ ಕಚೇರಿಯ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇನ್ನು ಎಮಿರೇಟ್ಸ್ ವಿಮಾನದ ಕ್ಯಾಬಿನ್ನಿನಲ್ಲಿ ನಾಯಿಗೆ ಜಾಗವಿಲ್ಲ. ಆದರೆ ದುಬೈಯಿಂದ ಪಾಕಿಸ್ತಾನದ ಕೆಲವು ಊರುಗಳಿಗೆ ಹೋಗುವ ಬೇಟೆಯ ಡೇಗೆಗಳಿಗೆ ಇದೆ!

ಪ್ರತಿಕ್ರಿಯೆ: ಸುರತ್ಕಲ್ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಹಿರಿಯರ ಬಳಿ ಬಿಡುವ ಸಲಹೆ ಸದ್ಭಾವದಿಂದಲೇ ಬಂದದ್ದೆಂದು ತಿಳಿದಿದ್ದೇನೆ, ಆದರೆ ನನ್ನ ಅತ್ತೆ ಮಾವ ಇಬ್ಬರೂ ಎಪ್ಪತ್ತು ದಾಟಿದವರು. ಚಿಪ್ ಮತ್ತು ಲಸಿಕೆಗೆ ಈ ಸೋಮವಾರಕ್ಕೆ ಸಮಯ ಗೊತ್ತು ಮಾಡಿಕೊಂಡಿದ್ದೇವೆ. ಈಗ ಹೊಸ ಸಮಸ್ಯೆ ಎದುರಾಗಿದೆ. ನಾವಿಬ್ಬರೂ ಆಗಸ್ಟಿನಲ್ಲಿ ಹೋಗಿ, ನಾಯಿಯನ್ನು ಅಕ್ಟೋಬರಿನಲ್ಲಿ ಏಜೆಂಟರ ಮೂಲಕ ತರಿಸಿಕೊಳ್ಳಬಹುದೇ, ಅಥವಾ ಯಾರಾದರೂ ಹಿಂದಿರುಗಿ ಬರಲೇಬೇಕೇ?

ಉತ್ತರ: ಉಡುಪಿಯ ಪಶುವೈದ್ಯ

ಒಳ್ಳೆಯ ಹೊತ್ತಿನಲ್ಲಿ ಕೇಳಿದಿರಿ. ನಾಯಿಯ ಪ್ರಯಾಣ ಮಾಲೀಕರ ಪ್ರಯಾಣಕ್ಕಿಂತ ಐದು ದಿನ ಹಿಂದೆ ಅಥವಾ ಐದು ದಿನ ಮುಂದೆ, ಅಷ್ಟರೊಳಗೆ ಆದರೆ ಮಾತ್ರ ಅದನ್ನು ಸಾಕುಪ್ರಾಣಿಯ ಸ್ವಂತ ಸಾಗಾಟವೆಂದು ಪರಿಗಣಿಸುತ್ತಾರೆ. ಆ ಗಡುವು ಮೀರಿದರೆ ನಿಮ್ಮ ಮನೆಯ ನಾಯಿಯೂ ವ್ಯಾಪಾರಕ್ಕೆ ಹೋಗುವ ನಾಯಿಯ ನಿಯಮಗಳಿಗೆ ಒಳಪಡುತ್ತದೆ, ಅದರ ಪ್ರಮಾಣಪತ್ರವೂ ಬೇರೆ, ಗಡಿ ತಪಾಸಣೆಯೂ ಬೇರೆ, ಖರ್ಚೂ ಹೆಚ್ಚು. ಎರಡು ತಿಂಗಳ ಅಂತರವನ್ನು ಯಾವ ಏಜೆಂಟರೂ ಐದು ದಿನಕ್ಕೆ ಇಳಿಸಲಾರರು. ಹಾಗಾದರೆ ನೀವು ಒಮ್ಮೆ ಬಂದು ಹೋಗುವ ವಿಮಾನದ ಟಿಕೆಟ್ ದುಡ್ಡನ್ನೂ ನಾಯಿಯ ಖರ್ಚಿಗೆ ಸೇರಿಸಿಕೊಳ್ಳಬೇಕಾಗುತ್ತದೆ.

ಇದಕ್ಕೊಂದು ಸುಲಭದ ದಾರಿಯಿದೆ. ನಿಮ್ಮ ಪತ್ನಿಯವರು ಅಕ್ಟೋಬರಿನವರೆಗೆ ಸುರತ್ಕಲ್ಲಿನಲ್ಲೇ ಉಳಿದು ನಾಯಿಯೊಡನೆ ಒಂದೇ ವಿಮಾನದಲ್ಲಿ ಹೋಗುವುದಾದರೆ ಮಾಲೀಕರ ಹೆಸರು ಅವರದೇ ಆಗಿರಲಿ. ಸೋಮವಾರ ಚಿಪ್ ನೋಂದಾಯಿಸುವಾಗ, ಲಸಿಕೆ ಪುಸ್ತಕದಲ್ಲಿ, ಟೈಟರ್ ಅರ್ಜಿಯಲ್ಲಿ, ಕ್ವಾರಂಟೈನ್ ಕಚೇರಿಯ ಅರ್ಜಿಯಲ್ಲಿ ಎಲ್ಲ ಕಡೆ ಅವರ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಬರೆಸಿ. ಮಾರಾಟಕ್ಕಾಗಿ ಒಯ್ಯುತ್ತಿಲ್ಲವೆಂಬ ಘೋಷಣಾ ಪತ್ರಕ್ಕೆ ಸಹಿ ಮಾಡಬೇಕಾದವರೂ ಅವರೇ.

ಕ್ವಾರಂಟೈನ್ ಕಚೇರಿ ಕೊಡುವ ಆರೋಗ್ಯ ಪ್ರಮಾಣಪತ್ರದ ನಮೂನೆ ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿರಬೇಕು, ಅದನ್ನು ದೊಡ್ಡಕ್ಷರಗಳಲ್ಲಿ ತುಂಬಬೇಕು. ಅಧಿಕಾರಿಯ ಸಹಿಯಾದ ಹತ್ತು ದಿನಗಳೊಳಗೆ ನಾಯಿ ಫ್ರಾಂಕ್‌ಫರ್ಟಿನ ತಪಾಸಣೆಯ ಮುಂದೆ ನಿಲ್ಲಬೇಕಾದ್ದರಿಂದ, ತೀರ ಮೊದಲೇ ಮಾಡಿಸಿಟ್ಟುಕೊಳ್ಳುವುದಕ್ಕೂ ಬರುವುದಿಲ್ಲ. ಕಚೇರಿ ಕೇಂದ್ರ ಸರಕಾರದ್ದು, ಶನಿವಾರ ಭಾನುವಾರ ರಜೆ. ಅದರ ಮೇಲೆ ಅಕ್ಟೋಬರ್ 2ರ ಗಾಂಧಿ ಜಯಂತಿ ಇದೆ, ದಸರೆಯ ರಜೆಗಳೂ ಅದೇ ಆಸುಪಾಸಿನಲ್ಲಿ ಬರುತ್ತವೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು, ತಪಾಸಣೆಗೂ ವಿಮಾನಕ್ಕೂ ನಡುವೆ ಕೆಲಸದ ದಿನ ಎರಡಾದರೂ ಉಳಿಯುವಂತೆ ಟಿಕೆಟ್ ಮಾಡಿಸಿ.

ಉತ್ತರ: ಬಿಜೈಯ ಗೃಹಿಣಿ

ಡಾಕ್ಟರು ಹೇಳಿದ ದಾರಿಯೇ ಸರಿ. ಒಂದೆರಡು ವಿಷಯ ಸೇರಿಸುತ್ತೇನೆ. ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ ಕಸ್ಟಮ್ಸಿಗೆ ತೋರಿಸಲು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಹೊರಟುಬಿಡದೆ, ತೋರಿಸಬೇಕಾದದ್ದು ಇರುವವರ ಕೆಂಪು ದಾರಿಯಲ್ಲಿ ಹೋಗಿ ಕಾಗದಗಳನ್ನು ತೋರಿಸಬೇಕು. ಅಲ್ಲಿಂದ ಸ್ಟುಟ್‌ಗಾರ್ಟಿಗೆ ರೈಲಿನಲ್ಲಿ ಹೋಗುವುದಾದರೆ ಈ ಗಾತ್ರದ ನಾಯಿಗೂ ಟಿಕೆಟ್ ಬೇಕು, ಬಾಯಿಗೆ ಕುಕ್ಕೆ ಬೇಕು. ಕುಕ್ಕೆಯನ್ನು ಇಲ್ಲಿಂದಲೇ ಅಭ್ಯಾಸ ಮಾಡಿಸಿ. ಅಲ್ಲಿ ಮನೆ ಹಿಡಿದ ಮೇಲೆ ನಗರಸಭೆಗೆ ಪ್ರತಿ ವರ್ಷ ನಾಯಿ ತೆರಿಗೆ ಕಟ್ಟಬೇಕಾಗುತ್ತದೆ. ಬಾಡಿಗೆ ಮನೆ ನೋಡುವಾಗ ನಾಯಿಗೆ ಒಪ್ಪಿಗೆ ಇದೆಯೇ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಆಗಸ್ಟಿನಿಂದ ಅಕ್ಟೋಬರಿನವರೆಗೆ ನೀವೊಬ್ಬರೇ ಅಲ್ಲಿರುವುದರಿಂದ ಅದಕ್ಕೆ ಸಮಯ ಸಿಗುತ್ತದೆ.